ಇಳಿಯಬಾರದ ಕಡೆ ಇಳಿದದ್ದು

ನನಗೆ ಜೀವಕ್ಕೆ ಹಚ್ಚಿಕೊಂಡ ಸಿನಿಮಾ ಒಂದೇ. ಅದು ಸೈಕಲ್ ಓಟದ್ದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ನೋಡಿ ‘ಇದರಲ್ಲೇನಿದೆ, ಈತ ಇಷ್ಟು ಹಾಡಿ ಹೊಗಳುತ್ತಿದ್ದನಲ್ಲ’ ಎಂದು ನನ್ನನ್ನೇ ಬಯ್ಯುತ್ತೀರಿ. ಯಾವುದೋ ಪರದೇಶದ ಗುಡ್ಡದೂರು. ಬಸ್ ಡ್ರೈವರನ ಮಗನೊಬ್ಬ ಹಳೆಯ ಸೈಕಲ್ ತಗೊಂಡು ದೊಡ್ಡ ಓಟಕ್ಕೆ ಇಳಿಯುತ್ತಾನೆ, ಕಷ್ಟಪಡುತ್ತಾನೆ, ಕೊನೆಗೆ ಗೆಲ್ಲುತ್ತಾನೆ. ಕತೆ ಅಷ್ಟೇ. ಮನೆಯಲ್ಲಿ ನಾನು ಅದನ್ನು ಟಿವಿಗೆ ಹಚ್ಚಿದರೆ ಸಾಕು, ಹೆಂಡತಿ ಅಡುಗೆಮನೆಯಿಂದಲೇ ಶುರು ಮಾಡುತ್ತಾಳೆ.

“ಮತ್ತ ಅದೇ ಹಚ್ಚೀರೇನ್ರೀ? ಈ ಸರ್ತಿಯರೆ ಆ ಹುಡುಗ ಸೋಲ್ತಾನೇನು ನೋಡ್ರಿ.”

ಅವಳಿಗೆ ಇನ್ನೂ ಒಂದು ಗೊತ್ತು. ಕೊನೆಯ ಓಟ ನಡೆದಾಗ, ಗುರಿಯ ಗೆರೆ ಇನ್ನೇನು ಸಮೀಪ ಬಂತು ಎನ್ನುವಾಗ, ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ. ಪ್ರತಿ ಸಲವೂ ಅದೇ ಜಾಗ. ಅಲ್ಲಿ ಆ ಹುಡುಗನ ಅಪ್ಪ ಡ್ಯೂಟಿ ಬಿಟ್ಟು, ಖಾಕಿ ಅಂಗಿಯಲ್ಲೇ ಬಂದು ರಸ್ತೆಯ ತಿರುವಿನಲ್ಲಿ ನಿಂತಿರುತ್ತಾನೆ. ಮಗ ಅಪ್ಪನನ್ನು ನೋಡುತ್ತಾನೆ. ನೋಡಿಯೂ ತಲೆ ತಗ್ಗಿಸಿ, ಪೆಡಲ್ ತುಳಿದು, ಮುಂದೆ ಹೋಗಿಬಿಡುತ್ತಾನೆ. ಅಪ್ಪ ತನ್ನ ಟೋಪಿ ತೆಗೆದು ಮೇಲಕ್ಕೆ ಎಸೆಯುತ್ತಾನೆ. ಹದಿಹರೆಯದ ಹುಡುಗರು ಸಿಳ್ಳೆ ಹೊಡೆಯುವ ಜಾಗವದು. ನನಗೆ ಮಾತ್ರ ಅದನ್ನು ನೋಡುತ್ತ ಕೂರಲು ಆಗುವುದಿಲ್ಲ. ಅದಕ್ಕೇ ನೀರಿನ ನೆಪ.

ಕಾರಣ ಹೇಳಬೇಕೆಂದರೆ ನಾನು ಬೆಳೆದ ಓಣಿ ಶಹಾಬಜಾರದ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಈಗಿನವರಿಗೆ ನಗು ಬರಬಹುದು. ಹಿರಿಯರು ಎದುರಿಗೆ ಬಂದರೆ ಸೈಕಲ್ ಮೇಲೆ ಕೂತು ಹೋಗಬಾರದು. ಇಳಿಯಬೇಕು, ಹ್ಯಾಂಡಲ್ ಹಿಡಿದು ಪಕ್ಕಕ್ಕೆ ನಿಲ್ಲಬೇಕು, ಅವರು ದಾಟಿದ ಮೇಲೆ ಹತ್ತಬೇಕು. ಶಾಲೆಯ ಮಾಸ್ತರರಿಗೆ ಇಳಿಯಬೇಕು, ಮಠದ ಅಯ್ಯನವರಿಗೆ ಇಳಿಯಬೇಕು, ಬೀಗರಿಗೆ ಇಳಿಯಬೇಕು, ಅಪ್ಪನ ಗೆಳೆಯರಿಗೆ ಅವರು ಯಾವ ಜಾತಿಯವರಿರಲಿ, ನಮಾಜಿಗೆ ಹೊರಟವರಿರಲಿ, ಇಳಿಯಬೇಕು. ನಮ್ಮ ಗಲ್ಲಿಯಲ್ಲಿ ಮನೆಗಳಿಗಿಂತ ಹಿರಿಯರೇ ಹೆಚ್ಚು. ಮನೆಯಿಂದ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ನಾನು ಸೈಕಲ್ಲನ್ನು ಹತ್ತಿದ್ದಕ್ಕಿಂತ ನೂಕಿದ್ದೇ ಜಾಸ್ತಿ. ಸೈಕಲ್ ಇದ್ದೂ ಕಾಲೇಜಿಗೆ ತಡವಾಗಿ ಹೋಗುತ್ತಿದ್ದವನು ಊರಿಗೆಲ್ಲ ನಾನೊಬ್ಬನೇ ಇರಬೇಕು.

ಈ ಪಾಠ ಕಲಿಸಿದವನು ಅಪ್ಪ. ಗಲ್ಲಿಯ ಬಾಯಲ್ಲೇ ನಮ್ಮದೊಂದು ಚಿಕ್ಕ ಬಟ್ಟೆ ಅಂಗಡಿ. ಬಿಳಿ ಧೋತರ, ಬಿಳಿ ಟೋಪಿ, ಕಡಿಮೆ ಮಾತು. ಹತ್ತನೇ ಇಯತ್ತೆ ಪಾಸಾದಾಗ ನನಗೊಂದು ಹಳೆಯ ಸೈಕಲ್ ಕೊಡಿಸಿ, ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಹೇಳಿದ.

“ಹತ್ತೂದು ಯಾರರೆ ಕಲಸ್ತಾರ. ಇಳಿಯೂದು ನಾ ಕಲಸ್ತೀನಿ.”

ಕಲಿಸಿದ ಕೂಡ. ತಾನು ಗಲ್ಲಿಯ ಆ ತುದಿಯಿಂದ ನಡೆದು ಬರುವುದು, ನಾನು ಈ ತುದಿಯಿಂದ ಸೈಕಲ್ ಮೇಲೆ ಬರುವುದು. ಅಪ್ಪ ಹತ್ತಿರ ಬರುವ ಮೊದಲೇ ಬಲಗಾಲು ಹಿಂದಿನಿಂದ ಸುತ್ತಿ ನೆಲಕ್ಕೆ ಬರಬೇಕು. ತಡವಾದರೆ ಮತ್ತೆ ಹಿಂದಕ್ಕೆ ಹೋಗಿ ಬರಬೇಕು. ಅಕ್ಕಪಕ್ಕದ ಅಂಗಡಿಯವರಿಗೆ ಇದೊಂದು ತಮಾಷೆ. ಕೆಲವೇ ದಿನಗಳಲ್ಲಿ ನನಗೆ ಅದು ಎಷ್ಟು ರೂಢಿಯಾಯಿತೆಂದರೆ, ಬಿಳಿ ಟೋಪಿ ಕಂಡರೆ ಸಾಕು, ತಲೆಗೆ ತಿಳಿಯುವ ಮೊದಲೇ ಕಾಲಿಗೆ ತಿಳಿಯುತ್ತಿತ್ತು.

ಕೂತು ಓಡಿಸುವ ಸುಖ ನನಗೆ ಸಿಕ್ಕಿದ್ದು ಕಮಲಾಪುರದ ರಸ್ತೆಯಲ್ಲಿ. ಅಲ್ಲಿ ನಮ್ಮ ಸೋದರಮಾವನ ಬಾಳೆಯ ತೋಟ. ಸುತ್ತೆಲ್ಲ ಕಪ್ಪು ಎರೆ ನೆಲ ನೋಡಿ ನೋಡಿ ಬೇಸರವಾದ ಕಣ್ಣಿಗೆ ಅಲ್ಲಿನ ಕೆಂಪು ಮಣ್ಣು, ಕೆಂಪು ಬಾಳೆಯ ಗೊನೆ ಒಂದು ಹಬ್ಬ. ರಜೆ ಸಿಕ್ಕರೆ ಬೆಳಗಿನ ತಂಪಿನಲ್ಲೇ ಹೊರಡುತ್ತಿದ್ದೆ. ಕಪನೂರ ದಾಟುವಾಗ ದಾಲ್ ಮಿಲ್ಲುಗಳಿಂದ ತೊಗರಿ ಹೊಟ್ಟಿನ ವಾಸನೆ ಬರುತ್ತಿತ್ತು. ಅಲ್ಲಿಂದ ಮುಂದೆ ರಸ್ತೆ ನನ್ನದು. ಹಿರಿಯರಿಲ್ಲ, ಮಾಸ್ತರರಿಲ್ಲ, ಎರಡೂ ಕಡೆ ತೊಗರಿ ಹೊಲ, ಮುಖಕ್ಕೆ ಹೊಡೆಯುವ ಗಾಳಿ. ಕುರಿಕೋಟಾ ಸೇತುವೆಯ ಹತ್ತಿರದ ಇಳಿಜಾರಿನಲ್ಲಿ ಪೆಡಲ್ ಬಿಟ್ಟು, ಅಂಗಿಯೊಳಗೆ ಗಾಳಿ ತುಂಬಿಕೊಂಡು ಹೋಗುವಾಗ ನಾನು ಜೋರಾಗಿ ಹಾಡುತ್ತಿದ್ದೆ. ನನ್ನ ಹಾಡು ಕೇಳಿದವರು ಯಾರೂ ಇಲ್ಲದ್ದು ನನ್ನ ಪುಣ್ಯ, ಅವರದ್ದೂ ಪುಣ್ಯ.

ಮಾಮಾ ಅಪ್ಪನ ಹಾಗಲ್ಲ, ಬಾಯಿ ತುಂಬ ಮಾತು, ಹೊಟ್ಟೆ ತುಂಬ ನಗು. ಮೊದಲ ಸಲ ತೋಟದ ಬದುವಿನ ಮೇಲೆ ಅವನನ್ನು ಕಂಡು ನಾನು ಧಡಕ್ಕನೆ ಇಳಿದಾಗ ಗದರಿಸಿದ.

“ಇಲ್ಲೆಲ್ಲಿ ಹಿರ್ಯಾರೋ? ಬಾಳಿಗಿಡ ಅದಾವ, ನಾ ಒಬ್ಬ ಹುಚ್ಚ ಅದೀನಿ. ಹತ್ತು, ಹೊಡಿ.”

ಜಿಲ್ಲೆಯ ಮಟ್ಟದ ಸೈಕಲ್ ಓಟ ಇದೆಯೆಂದು ಸುದ್ದಿ ತಂದವನೂ ಅವನೇ. ಕಮಲಾಪುರದಿಂದ ಹೊರಟು ನಮ್ಮೂರಿಗೆ ಬಂದು ಮುಟ್ಟಬೇಕು. ಮೊದಲ ಮೂರು ಮಂದಿಯನ್ನು ರಾಜ್ಯದ ಓಟಕ್ಕೆ ಕಳಿಸುತ್ತಾರೆ. ರಸ್ತೆಯ ಒಂದೊಂದು ತಗ್ಗೂ ನನಗೆ ಗೊತ್ತು. ಮಾಮಾ ನನ್ನ ಹೆಸರು ಕೊಟ್ಟ. ಅಪ್ಪನಿಗೆ ಹೇಳಿದಾಗ ಅಪ್ಪ ಬಟ್ಟೆ ಅಳೆಯುವುದನ್ನು ನಿಲ್ಲಿಸಲಿಲ್ಲ. “ಬೀಳಬ್ಯಾಡ” ಎಂದನಷ್ಟೇ. ಅಂಗಡಿ ಬಿಟ್ಟು ನನ್ನ ಯಾವ ಆಟಕ್ಕೂ ಬಂದವನಲ್ಲ. ಬರುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ದಿನದ ಓಟ ಈಗಲೂ ಮೈಯಲ್ಲಿದೆ. ಹೊರಟಾಗ ಗುಂಪಿನಲ್ಲಿ ನಡುವೆ ಇದ್ದೆ. ಕುರಿಕೋಟಾ ದಾಟುವಾಗ ಮುಂದಿನವರಲ್ಲಿ ಒಬ್ಬನಾದೆ. ಮಹಾಗಾಂವ ಕ್ರಾಸ್ ಬಂದಾಗ ನನ್ನ ಮುಂದೆ ಇದ್ದದ್ದು ಒಬ್ಬನೇ, ಅವನೂ ಏದುಸಿರು ಬಿಡುತ್ತಿದ್ದ. ಕಪನೂರಿನ ವಾಸನೆ ಮೂಗಿಗೆ ಬಂದಾಗ ನನ್ನ ಮುಂದೆ ಯಾರೂ ಇರಲಿಲ್ಲ. ಖಾಲಿ ರಸ್ತೆ. ಮಿಲ್ಲಿನ ಕೂಲಿಗಳು ಕೆಲಸ ಬಿಟ್ಟು ಬಂದು ಎರಡೂ ಕಡೆ ನಿಂತು ಕೂಗುತ್ತಿದ್ದರು. ಆ ಕೂಗಿನ ನಡುವೆ, ಬೇವಿನ ಗಿಡದ ಕೆಳಗೆ, ಬಿಳಿ ಧೋತರ, ಬಿಳಿ ಟೋಪಿ. ಕೈಯಲ್ಲಿ ಲಿಂಬೆ ಪಾನಕದ ತಂಬಿಗೆ. ಅಪ್ಪ.

ನಾನು ಇಳಿದೆ.

ವಿಚಾರ ಮಾಡಿ ಇಳಿಯಲಿಲ್ಲ. ಬ್ರೇಕು ಯಾವಾಗ ಹಿಡಿದೆನೋ, ಬಲಗಾಲು ಯಾವಾಗ ಸುತ್ತಿತೋ ತಿಳಿಯಲಿಲ್ಲ. ತಿಳಿದಾಗ ನಾನು ರಸ್ತೆಯ ಪಕ್ಕ ಹ್ಯಾಂಡಲ್ ಹಿಡಿದು, ಗಲ್ಲಿಯಲ್ಲಿ ನಿಲ್ಲುವ ಹಾಗೆಯೇ, ತಲೆ ತಗ್ಗಿಸಿ ನಿಂತಿದ್ದೆ. ಒಂದು ಕ್ಷಣ ಕೂಗು ನಿಂತುಹೋಯಿತು. ಆಮೇಲೆ ಯಾರೋ ನಕ್ಕರು.

“ಯಾಕ ಇಳದ್ಯೋ? ಹತ್ತಲೇ! ಹತ್ತು!” ಅಪ್ಪ ಕೂಗಿದ. ತಂಬಿಗೆ ಕೈಬಿಟ್ಟು, ಧೋತರದ ಮೇಲೆಲ್ಲ ಪಾನಕ ಸುರಿದುಕೊಂಡು, ಓಡಿ ಬಂದು ಸೀಟು ಹಿಡಿದು ನೂಕಿದ. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಹಿಂದಿದ್ದವರು ದಾಟಿ ಹೋಗಿದ್ದರು. ಗಾಬರಿಯಲ್ಲಿ ಹತ್ತಿದೆ, ಕಾಲು ಜಾರಿತು, ಮತ್ತೆ ಹತ್ತಿದೆ. ಒಮ್ಮೆ ಮುರಿದ ಓಟ ಕೂಡಿಬರಲಿಲ್ಲ. ನಾಲ್ಕನೆಯವನಾಗಿ ಬಂದು ಮುಟ್ಟಿದೆ. ನನಗಿಂತ ಮೊದಲು ಬಂದವನು ನನ್ನ ಕಣ್ಣಳತೆಯಲ್ಲೇ ಇದ್ದ.

ಊರಿಗೆ ಇದಕ್ಕಿಂತ ಒಳ್ಳೆಯ ನಗೆಹಬ್ಬ ಎಲ್ಲಿ ಸಿಗಬೇಕು? ಅಂಗಡಿಗೆ ಬಂದವರೆಲ್ಲ ಅಪ್ಪನನ್ನು ಕೇಳುವವರೇ. “ಏನ್ರೀ ಸಾವಕಾರ್ರ, ಮಗ ಭಾಳ ಮರ್ಯಾದಸ್ಥ ಆದ ಬಿಡ್ರಿ.” ಅಪ್ಪ ಮುಖ ಎತ್ತದೆ ಬಟ್ಟೆಯ ಥಾನು ಬಿಚ್ಚುತ್ತಿದ್ದ, ಮಡಚುತ್ತಿದ್ದ. ನನ್ನನ್ನು ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ. ಸಮಾಧಾನ ಹೇಳಿದ್ದರೂ ಅಳುತ್ತಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

ಅದಾದ ಮೇಲೆ ಒಂದು ಹೊಸದು ಶುರುವಾಯಿತು. ನಾನು ಸೈಕಲ್ ಮೇಲೆ ಗಲ್ಲಿಗೆ ಬರುವುದನ್ನು ದೂರದಿಂದ ಕಂಡರೆ ಅಪ್ಪ ಮುಖ ತಿರುಗಿಸಿ ಪಕ್ಕಕ್ಕೆ ಸರಿದುಬಿಡುತ್ತಿದ್ದ. ಅಂಗಡಿಯಿಂದ ಮನೆಗೆ ಊಟಕ್ಕೆ ಬರುವಾಗ, ಸಂಜೆ ಗುಡಿಗೆ ಹೋಗುವಾಗ, ಹೀಗೇ. ನಡುವೆ ಒಂದು ಬಳೆಯ ಅಂಗಡಿ ಇತ್ತು. ಹೆಚ್ಚಾಗಿ ಅದರೊಳಗೆ ಹೊಕ್ಕು, ನನಗೆ ಬೆನ್ನು ಮಾಡಿ, ಗಾಜಿನ ಬಳೆ ನೋಡುತ್ತ ನಿಲ್ಲುತ್ತಿದ್ದ. ಅವ್ವನಿಗೆ ಎಂದೂ ತಾನಾಗಿ ಒಂದು ಬಳೆ ತಂದವನಲ್ಲ. ಆ ಅಂಗಡಿಯ ಚಾಚಾ ಒಂದು ದಿನ ನನ್ನನ್ನೇ ತಡೆದು, ನಿಮ್ಮಪ್ಪನಿಗೆ ಏನಾಗಿದೆ ಎಂದು ಕೇಳಿದ.

“ಕ್ಯಾ ಮಿಯಾ, ತುಮಾರೇ ಅಬ್ಬಾ ಕು ಕ್ಯಾ ಹುವಾ? ರೋಜ್ ಬರ್ತಾರ, ಬಳಿ ನೋಡ್ತಾರ, ತಗೊಳ್ಳಂಗಿಲ್ಲ.”

ಗೊತ್ತಿಲ್ಲವೆಂದು ಹೇಳಿ ಸೈಕಲ್ ಹತ್ತಿದೆ. ನನ್ನ ಲೆಕ್ಕದಲ್ಲಿ ಉತ್ತರ ಸ್ಪಷ್ಟವಿತ್ತು. ಮಾನ ಕಳೆದ ಮಗನನ್ನು ಆ ಸೈಕಲ್ ಮೇಲೆ ನೋಡಲು ಅಪ್ಪನಿಗೆ ಆಗುತ್ತಿಲ್ಲ. ಅವನಿಗಾಗಿ ಇಳಿದೇ ನಾನು ಸೋತದ್ದು, ಈಗ ಅವನೇ ಮುಖ ತಿರುಗಿಸುತ್ತಾನೆ ಎಂದು ಸಿಟ್ಟು ಬರುತ್ತಿತ್ತು. ಬಳೆಯ ಅಂಗಡಿ ಬಂದರೆ ಹಲ್ಲು ಕಚ್ಚಿ ಜೋರಾಗಿ ತುಳಿದು ದಾಟುತ್ತಿದ್ದೆ. ಮನೆಯೊಳಗೆ ಎಲ್ಲ ಸರಿಯಾಗಿಯೇ ಇತ್ತು. ಒಟ್ಟಿಗೆ ಕೂತು ಉಣ್ಣುತ್ತಿದ್ದೆವು, ಅಪ್ಪ ನನ್ನ ಪರೀಕ್ಷೆ, ಫೀಸು ಎಲ್ಲ ಕೇಳುತ್ತಿದ್ದ. ಓಟದ ಮಾತು, ಸೈಕಲ್ ಮಾತು ಮಾತ್ರ ಆಗ ಇಬ್ಬರೂ ಎತ್ತುತ್ತಿರಲಿಲ್ಲ.

ನೌಕರಿ ಸಿಕ್ಕಿತು, ಸೈಕಲ್ ಬಿಟ್ಟೆ, ಮೋಟರ್ ಸೈಕಲ್ ತಂದೆ. ಮೋಟರ್ ಸೈಕಲ್ಲಿನಿಂದ ಇಳಿಯಬೇಕೆಂದು ಯಾವ ಹಿರಿಯರೂ ಕಾನೂನು ಮಾಡಿರಲಿಲ್ಲ, ಬಹುಶಃ ಅವರಿಗೆ ಪುರುಸೊತ್ತಾಗಲಿಲ್ಲ. ಸ್ವಲ್ಪ ತಲೆ ಬಾಗಿಸಿ, ವೇಗ ಕಡಿಮೆ ಮಾಡಿದರೆ ಮರ್ಯಾದೆ ಕೊಟ್ಟಂತೆ. ಅಪ್ಪ ಬಳೆಯ ಅಂಗಡಿಗೆ ಹೋಗುವುದು ಅಂದಿನಿಂದ ನಿಂತುಹೋಯಿತು. ಗಲ್ಲಿಯ ನಡುವೆಯೇ ಎದುರಾಗುತ್ತಿದ್ದ, ನಾನು ತಲೆ ಬಾಗಿಸುತ್ತಿದ್ದೆ, ಅವನೂ ತಲೆ ಆಡಿಸುತ್ತಿದ್ದ. ನೋಡಿದೆಯಾ, ಸೈಕಲ್ ಹೋಯಿತು, ಸಿಟ್ಟೂ ಹೋಯಿತು ಎಂದುಕೊಂಡೆ. ಹೀಗೆಯೇ ವರ್ಷಗಳು ಕಳೆದವು. ಅಪ್ಪ ತೀರಿಕೊಂಡ.

ಈ ಸಿನಿಮಾ ನನ್ನ ಕೈಗೆ ಸಿಕ್ಕಿದ್ದು ಅದಾದ ಎಷ್ಟೋ ಕಾಲಕ್ಕೆ. ನೋಡಿದಷ್ಟೂ ಸಲ ನನಗೆ ಆ ರಸ್ತೆಯ ಗಾಳಿ ಮೈಗೆ ತಾಗುತ್ತದೆ. ತೊಡೆ ತಾನಾಗಿ ಬಿಗಿಯುತ್ತದೆ. ಸೈಕಲ್ಲನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಎಂಬುದು ಬಿಟ್ಟು ಇಷ್ಟು ವರ್ಷವಾದ ಮೇಲೆ ಸೋಫಾದ ಮೇಲೆ ಕೂತಾಗ ತಿಳಿಯುತ್ತದೆ. ಡಾಕ್ಟರು ಹೇಳಿದರೆಂದು ಈಗ ನಮ್ಮ ಬಡಾವಣೆಯ ಗೃಹಸ್ಥರು ಟೋಪಿ, ಕೈಗವಸು ಹಾಕಿಕೊಂಡು ಗೇರಿನ ಸೈಕಲ್ ಮೇಲೆ ಬೆಳಿಗ್ಗೆ ಊರ ಹೊರಗಿನ ಶರಣಸಿರಸಗಿಯವರೆಗೆ ಹೋಗಿ ಬರುತ್ತಾರೆ. ಹೋಗಿದ್ದಕ್ಕಿಂತ ಫೋಟೋ ತೆಗೆದದ್ದು ಹೆಚ್ಚು. ನನ್ನನ್ನೂ ಕರೆದರು. ಮೊಣಕಾಲು ನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅವರ ಮೇಲೆ ನನಗಿರುವುದು ಹೊಟ್ಟೆಕಿಚ್ಚು, ಬೇರೇನಲ್ಲ.

ಹೋದ ಬೇಸಿಗೆಯಲ್ಲಿ ಕಮಲಾಪುರಕ್ಕೆ ಹೋಗಿದ್ದೆ. ಮಾಮಾ ಈಗ ಬಹಳ ಮುದುಕ, ಮೊಣಕಾಲಿನ ಆಪರೇಷನ್ ಆಗಿ ಮಂಚ ಹಿಡಿದಿದ್ದಾನೆ. ಮಾತು ಮಾತ್ರ ಇನ್ನೂ ಮಂಚ ಹಿಡಿದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವನ ಹೊತ್ತು ಕಳೆಯಲೆಂದು ಟಿವಿಗೆ ನನ್ನ ಸಿನಿಮಾ ಹಚ್ಚಿ, ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಮಾಮಾ ನನ್ನ ಕೈ ಹಿಡಿದುಕೊಂಡು ನೋಡುತ್ತಿದ್ದ. ಆ ಜಾಗ ಬಂದಾಗ ನೀರಿಗೆ ಏಳಲು ನನಗೆ ಆಗಲಿಲ್ಲ.

“ಆ ಖಾಕಿ ಅಂಗಿಯಾಂವ ಯಾರು?”

“ಹುಡುಗನ ಅಪ್ಪ, ಮಾಮಾ.”

“ಅಪ್ಪ ನಿಂತಾನ, ಇಂವಾ ಇಳೀಲಿಲ್ಲಲ್ಲೋ!” ಎಂದು ಗಹಗಹಿಸಿ ನಕ್ಕ. ನಕ್ಕು ಕೆಮ್ಮಿ, ಕಣ್ಣು ಒರೆಸಿಕೊಂಡ. “ನಿಂದರ್ಸು ಅದನ್ನ. ಇದನ್ನ ನಿಮ್ಮಪ್ಪ ನೋಡಬೇಕಾಗಿತ್ತು ನೋಡು.”

ನಾನು ಸಿನಿಮಾ ನಿಲ್ಲಿಸಿದೆ. ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಬಾಯಿಗೆ ಬಂದುಬಿಟ್ಟಿತು. “ಅಪ್ಪಗ ನನ್ನ ಸೈಕಲ್ ಮ್ಯಾಲ ನೋಡಾಕ ಆಗ್ತಿರಲಿಲ್ಲ ಮಾಮಾ. ನಾ ಬಂದ್ರ ಮಾರಿ ತಿರುವಿ ಬಳಿ ಅಂಗಡ್ಯಾಗ ಹೋಗಿ ನಿಂದರ್ತಿದ್ದ.”

ಮಾಮಾ ನನ್ನ ಮುಖವನ್ನೇ ನೋಡಿದ.

“ಹುಚ್ಚದೀಯೇನು? ನೀ ಇಳೀಬಾರ್ದಂತ ಹೋಗ್ತಿದ್ನೋ ಅಂವಾ. ಕಣ್ಣಿಗಿ ಬಿದ್ರ ಇಳೀತಿ, ಬೀಳದಿದ್ರ ಹಂಗೇ ಹೊಡಕೊಂಡ ಹೋಗ್ತಿ. ಇಲ್ಲೇ ಹೊರಗಿನ ಕಟ್ಟೀ ಮ್ಯಾಲ ಕುಂತು ನನ್ನ ಮುಂದ ಹೇಳ್ಯಾನ. ‘ಹುಡುಗನ ಕಾಲಿಗಿ ನಾ ರೂಢಿ ಹಾಕೀನಿ, ಅದು ಬಿಡವಲ್ದು, ನಾನೇ ಸರೀತೀನಿ’ ಅಂದ.”

“ಇಳೀಬ್ಯಾಡ ಅಂತ ಬಾಯಿಲೆ ಒಂದ ಮಾತ ಹೇಳಬೇಕಿತ್ತಲ್ಲ ಮಾಮಾ?”

“ಹಿರ್ಯಾರು ಕಲಿಸಿದ್ದು ತಪ್ಪಂತ ಅಂವ ತನ್ನ ಬಾಯಿಲೆ ಹ್ಯಾಂಗ ಅಂತಾನ? ಅವನ ಬಾಯಿ ನಿನಗ ಗೊತ್ತಿಲ್ಲೇನು?” ಮಾಮಾ ನನ್ನ ಕಡೆ ಹೊರಳಿದ. “ನೀ ದಾಟಿದ ಮ್ಯಾಲ ಹೊರಗ ಬಂದು, ನಡು ಗಲ್ಲ್ಯಾಗ ನಿಂತು, ನೀ ಮೂಲಿ ತಿರುಗೂತನ ನೋಡ್ತಿದ್ದ. ‘ಬೆನ್ನ ಕಾಣ್ತದ, ಭಾಳ ಚಲೋ ಹೊಡೀತಾನ ನಮ್ಮ ಹುಡುಗ’ ಅಂತಿದ್ದ. ನೀ ಒಮ್ಮಿಯರೆ ಹಿಂದ ತಿರುಗಿ ನೋಡಿಲ್ಲೇನು?”

ನೋಡಿರಲಿಲ್ಲ. ಸಿಟ್ಟಿನಿಂದ ಹಲ್ಲು ಕಚ್ಚಿ ತುಳಿಯುತ್ತಿದ್ದವನು ಹಿಂದೆ ಏಕೆ ನೋಡುತ್ತಾನೆ? ನನ್ನ ಆ ಸಿಟ್ಟನ್ನೇ ಅಪ್ಪ ಚಲೋ ಹೊಡೀತಾನ ಎಂದುಕೊಂಡಿದ್ದ. ನನಗೆ ಅಳು ಬಂತು, ಮಾಮಾನ ಎದುರಿಗೇ ಅತ್ತೆ. ಅವನು ಕೈ ಬಿಡಲಿಲ್ಲ. ಟಿವಿಯಲ್ಲಿ ಆ ಹುಡುಗ ಅರ್ಧ ದಾರಿಯಲ್ಲಿ ನಿಂತೇ ಇದ್ದ.

ನಾನು ಕಣ್ಣು ಒರೆಸಿಕೊಂಡ ಮೇಲೆ ಮಾಮಾ ಕೇಳಿದ. “ಮತ್ತ ನೀ ಸೈಕಲ್ ಯಾಕ ಬಿಟ್ಟಿ? ನಿಮ್ಮಪ್ಪ ಬಂದು ನನ್ನ ಕೇಳ್ದ. ನನಗೇನ ಗೊತ್ತು, ಹುಡುಗನ್ನೇ ಕೇಳು ಅಂದೆ. ಕೇಳಿದ್ನೇನು?”

ಕೇಳಿದ್ದ. ಹೊಸ ಮೋಟರ್ ಸೈಕಲ್ ತಂದು ವಾರವೂ ಆಗಿರಲಿಲ್ಲ, ಬೆಳಿಗ್ಗೆ ನಾನು ಅದನ್ನು ಒರೆಸುತ್ತಿದ್ದೆ. ಅಪ್ಪ ಟೋಪಿ ಹಾಕಿಕೊಂಡು ಅಂಗಡಿಗೆ ಹೊರಟವನು ಅಂಗಳದಲ್ಲಿ ನಿಂತ. ಗೋಡೆಯ ಕಡೆ ನೋಡಿದ. ಅಲ್ಲಿ ಸೈಕಲ್ ಆನಿಸಿ ಆನಿಸಿ ಬಿದ್ದ ಕರಿಯ ಕಲೆ ಮಾತ್ರ ಇತ್ತು.

“ಸೈಕಲ್ ಎಲ್ಲದ?”

“ಮಾರಿದೆ.”

“ಯಾಕ?”

“ಇನ್ನ ಯಾರು ಹೊಡೀತಾರ ಅದನ್ನ” ಎಂದೆ, ಒರೆಸುವುದನ್ನು ನಿಲ್ಲಿಸದೆ.

ಅಪ್ಪ ಆ ಕಲೆಯ ಕಡೆಗೆ ಇನ್ನೊಮ್ಮೆ ನೋಡಿದ. ಆಮೇಲೆ “ಚಲೋ ಆತು ಬಿಡು” ಎಂದು ಚಪ್ಪಲಿ ಮೆಟ್ಟಿ ಹೋದ. ಆ ಮಾತು ಕೇಳಿ ನನಗೆ ಅಂದು ಎದೆ ಹಗುರಾಗಿತ್ತು. ಮಾಮಾನಿಗೆ ಇದನ್ನೆಲ್ಲ ಹೇಳಿದೆ. ಒಂದನ್ನು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ. ಅಪ್ಪನ ಮನಸ್ಸಿಗೆ ಸಮಾಧಾನವಾಗಲಿ ಎಂದೇ ನಾನು ಅದನ್ನು ಮಾರಿದ್ದೆ.